ಬೆವರು, ಬೈರಾಸು ಮತ್ತು ಬಿ.ಕಾಂ.: ಕರಾವಳಿ ತರಗತಿಗಳ ಉಷ್ಣಮೀಮಾಂಸೆ

ಸ್ವರ್ಣಾ ನದಿಯ ದಡದಿಂದ ಮಣಿಪಾಲದ ಗುಡ್ಡದವರೆಗಿನ ಸೀಮೆಯಲ್ಲಿ ವಿದ್ಯೆಯನ್ನು ಹೊಗಳಿದವರು ಬೇಕಾದಷ್ಟಿದ್ದಾರೆ, ಸೆಕೆಯನ್ನು ಬೈದವರು ಅದಕ್ಕಿಂತ ಹೆಚ್ಚಿದ್ದಾರೆ. ಎರಡನ್ನೂ ಎದುರುಬದುರು ಕೂರಿಸಿ ವಿಚಾರಣೆ ಮಾಡಿದವರು ಮಾತ್ರ ಕಾಣುವುದಿಲ್ಲ. 1949ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜು ಎದ್ದಿತು. 1953ರಲ್ಲಿ ಮಣಿಪಾಲದ ಬೋಳು ಮುರಕಲ್ಲು ಗುಡ್ಡದ ಮೇಲೆ ಕಸ್ತೂರಬಾ ಮೆಡಿಕಲ್ ಕಾಲೇಜು, 1957ರಲ್ಲಿ ಅದರ ಪಕ್ಕ ಎಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು ಬಂದವು. ಅಲ್ಲಿ ಕಲಿತವರು ಡಾಕ್ಟರಾದರು, ಬ್ಯಾಂಕ್ ಮ್ಯಾನೇಜರಾದರು, ದುಬೈಗೆ ಹೋದರು. ಆದರೆ ಪಾಠ ಕೇಳುವಾಗ ಕೋಣೆಯ ಉಷ್ಣತೆ ಎಷ್ಟಿತ್ತೆಂದು ಬರೆದಿಡುವ ಸೌಜನ್ಯ ಅವರಲ್ಲಿ ಯಾರಿಗೂ ಇರಲಿಲ್ಲ. ಜ್ಞಾನಲೋಕದ ಈ ದೊಡ್ಡ ತೂತನ್ನು ಮುಚ್ಚುವ ಸಲುವಾಗಿ, ಕೆಮ್ಮಣ್ಣು ಎಂಬ ಊರಿನಲ್ಲಿ ಕುಳಿತು, ಕರೆಂಟ್ ಇದ್ದ ಹೊತ್ತಿನಲ್ಲಿ ಬರೆದ ಪ್ರಬಂಧವಿದು.

ಪರಿಭಾಷೆ

ಅಳತೆಗೋಲಿಲ್ಲದೆ ಶಾಸ್ತ್ರವಿಲ್ಲ. ಬಟ್ಟೆ ಮೈಯನ್ನು ಎಷ್ಟು ಬೆಚ್ಚಗಿಡುತ್ತದೆಂದು ಅಳೆಯಲು ವಿಜ್ಞಾನಿಗಳು 1941ರಲ್ಲಿ ‘ಕ್ಲೋ’ ಎಂಬ ಮಾನವನ್ನು ತಂದರು. ಸೂಟು ಹಾಕಿ ಕೋಣೆಯೊಳಗೆ ಸುಮ್ಮನೆ ಕುಳಿತವನ ಮೈಮೇಲೆ ಒಂದು ಕ್ಲೋ ಇದೆ ಎಂದು ಲೆಕ್ಕ. ಬರಿಮೈಗೆ ಸೊನ್ನೆ. ಈ ಪ್ರಕಾರ ಕಾರ್ಕಳದ ಬಾಹುಬಲಿ ಸ್ವಾಮಿ 1432ರಿಂದಲೂ ಸೊನ್ನೆ ಕ್ಲೋದಲ್ಲಿ, ನೆರಳಿಲ್ಲದ ಬಂಡೆಯ ಮೇಲೆ, 42 ಅಡಿ ಎತ್ತರಕ್ಕೆ ನಿಂತಿದ್ದಾರೆ. ಸೆಕೆಯ ಬಗ್ಗೆ ಅವರ ಕಡೆಯಿಂದ ದೂರು ಬಂದದ್ದಿಲ್ಲ. ಆದರೆ ಅವರಿಗೆ ಇಂಟರ್ನಲ್ ಮಾರ್ಕ್ಸಿನ ಚಿಂತೆಯೂ ಇರಲಿಲ್ಲ ಎಂಬುದನ್ನು ನಿಷ್ಪಕ್ಷಪಾತಿಯಾದ ಸಂಶೋಧಕ ಮರೆಯಬಾರದು.

ಕ್ಲೋ ನಮ್ಮ ಊರಿಗೆ ಸಾಲದು. ಹವಾಮಾನ ಇಲಾಖೆಯ ನಿಯಮದಂತೆ ಕರಾವಳಿಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣತೆ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ನಮ್ಮ ಪಾದರಸ 34ರಲ್ಲೇ ಮರ್ಯಾದೆಯಿಂದ ನಿಂತುಬಿಡುತ್ತದೆ. ಉಳಿದ ಕೆಲಸವನ್ನು ಗಾಳಿಯ ನೀರಿನಂಶ ಮಾಡುತ್ತದೆ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಯಾದಗಿರಿಯ ಒಣ ಬಿಸಿಲಿನಲ್ಲಿ ಬೆವರು ಬರುತ್ತಿದ್ದಂತೆ ಆರುತ್ತದೆ, ಮಲ್ಪೆಯಲ್ಲಿ ಅದು ಬಂದಲ್ಲೇ ಠಿಕಾಣಿ ಹೂಡುತ್ತದೆ. ಹೀಗಾಗಿ ‘ಬೈರಾಸು’ (ನಮ್ಮ ಕಡೆಯ ಮೈ ಒರೆಸುವ ಬಟ್ಟೆ) ಎಂಬ ಸ್ಥಳೀಯ ಮಾನವನ್ನು ಸೂಚಿಸುತ್ತಿದ್ದೇನೆ. ಸಾಧಾರಣ ಮೈಕಟ್ಟಿನ ಉಪನ್ಯಾಸಕರೊಬ್ಬರು ಒಂದು ಪೀರಿಯಡ್ ಪಾಠ ಮಾಡಿ ಸ್ಟಾಫ್‌ರೂಮಿಗೆ ಬಂದು ಕತ್ತು, ಬೆನ್ನು ಒರೆಸಿಕೊಂಡಾಗ ಒಂದು ಬೈರಾಸು ಹಿಂಡುವಷ್ಟು ಒದ್ದೆಯಾದರೆ ಅದು ಒಂದು ಬೈರಾಸು ಸೆಕೆ. ಡಿಸೆಂಬರಿನಲ್ಲಿ ಕರ್ಚೀಫು ಸಾಕು. ಮೇ ತಿಂಗಳಲ್ಲಿ ಎರಡು ಬೈರಾಸಾದರೂ ಬೇಕು. ಜುಲೈಯಲ್ಲಿ ಈ ಮಾನ ಕೆಲಸ ಮಾಡುವುದಿಲ್ಲ, ಬೈರಾಸು ಮೊದಲೇ ಒದ್ದೆಯಿರುತ್ತದೆ.

ಇನ್ನು ಏರ್ ಕಂಡೀಷನರ್. ಇದು ವಿದ್ಯಾರ್ಥಿಗಾಗಿ ಹುಟ್ಟಿದ ಯಂತ್ರವಲ್ಲ, ಮನುಷ್ಯನಿಗಾಗಿಯೂ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವ ಹೀರಿ ಹಿಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಮದ್ದು ಹುಡುಕಿದವನು ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್. ಅಂದರೆ ಯಂತ್ರದ ಮೂಲ ಫಲಾನುಭವಿ ಕಾಗದ. ಕಾಲೇಜಿನಲ್ಲಿ ಮೊದಲು ಎಸಿ ಬರುವುದು ಕಂಪ್ಯೂಟರ್ ಲ್ಯಾಬಿಗೆ, ಆಮೇಲೆ ಪ್ರಿನ್ಸಿಪಾಲರ ಕೋಣೆಗೆ, ಕೊನೆಗೆ ಮಿಕ್ಕಿದರೆ ಮಕ್ಕಳಿಗೆ. ಮೂಲ ಪರಂಪರೆಗೆ ಇದಕ್ಕಿಂತ ನಿಷ್ಠೆ ಬೇಕೆ?

ಎಸಿಯನ್ನು ಟನ್ನಿನಲ್ಲಿ ಏಕೆ ಅಳೆಯುತ್ತಾರೆಂಬುದನ್ನು ತಿಳಿಯಲು ಮಲ್ಪೆ ಬಂದರಿಗೆ ಹೋಗಬೇಕು. ಒಂದು ಟನ್ ಎಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖ. ಒಂದೂವರೆ ಟನ್ನಿನ ಎಸಿ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಸುಮಾರು 1360 ಕಿಲೋ ಐಸ್ ಸುರಿದ ಲೆಕ್ಕ. ಬಂದರಿನಲ್ಲಿ ಅಷ್ಟು ಐಸಿಗೆ ಬಂಗುಡೆ ಕೆಡದೆ ಉಳಿಯುತ್ತದೆ. ತರಗತಿಯಲ್ಲಿ ಏನು ಉಳಿಯುತ್ತದೆಂಬುದೇ ಈ ಪ್ರಬಂಧದ ಪ್ರಶ್ನೆ.

ಪೂರ್ವಪಕ್ಷ

ತಂಪಿದ್ದಲ್ಲಿ ಬುದ್ಧಿ ಇದೆ ಎಂಬ ವಾದದ ದೊಡ್ಡ ವಕೀಲ ಯೇಲ್ ವಿಶ್ವವಿದ್ಯಾಲಯದ ಎಲ್ಸ್‌ವರ್ತ್ ಹಂಟಿಂಗ್ಟನ್. ಅಮೆರಿಕದ ಕಾರ್ಖಾನೆ ಕಾರ್ಮಿಕರ ದುಡಿಮೆಯನ್ನೂ ಮಿಲಿಟರಿ ವಿದ್ಯಾರ್ಥಿಗಳ ಅಂಕಗಳನ್ನೂ ಹವೆಯ ಜೊತೆ ತಾಳೆ ನೋಡಿ, ತಲೆಯ ಕೆಲಸಕ್ಕೆ ಹೊರಗಿನ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ ಎಂದು 1915ರ ತನ್ನ ಗ್ರಂಥದಲ್ಲಿ ಸಾರಿದ. ನಾವು, ಉಷ್ಣವಲಯದವರು, ಹುಟ್ಟಾ ಸೋಮಾರಿಗಳೆಂಬುದಕ್ಕೆ ಅವನಲ್ಲಿ ನಕಾಶೆ ಸಮೇತ ಪುರಾವೆ ಇತ್ತು. ಉಡುಪಿಯಲ್ಲಿ 4 ಡಿಗ್ರಿ ಇರುವುದು ಐಸ್‌ಕ್ರೀಂ ಅಂಗಡಿಯ ಫ್ರಿಜ್ಜಿನೊಳಗೆ ಮಾತ್ರ. ಹಂಟಿಂಗ್ಟನ್ ಹೇಳಿದ್ದು ನಿಜವಾದರೆ ಈ ಜಿಲ್ಲೆಯಲ್ಲಿ ಯೋಚಿಸಬಲ್ಲದ್ದು ಗಡ್‌ಬಡ್ ಐಸ್‌ಕ್ರೀಂ ಒಂದೇ.

ಈಚಿನವರು ಇಷ್ಟು ಒರಟಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳನ್ನು ನೋಡಿತು. ಎಸಿ ಇಲ್ಲದ ಶಾಲೆಯಲ್ಲಿ ವರ್ಷದ ಸರಾಸರಿ ಉಷ್ಣತೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಆ ವರ್ಷದ ಕಲಿಕೆ ಶೇಕಡಾ ಒಂದರಷ್ಟು ಕುಗ್ಗುತ್ತದೆ, ಎಸಿ ಇದ್ದಲ್ಲಿ ಈ ನಷ್ಟ ಹೆಚ್ಚುಕಡಿಮೆ ತಪ್ಪುತ್ತದೆ ಎಂದು ಹೇಳಿತು. 2019ರಲ್ಲಿ ಬರ್ಲಿನ್‌ನಲ್ಲಿ 543 ಮಂದಿಯನ್ನು 16ರಿಂದ 33 ಡಿಗ್ರಿವರೆಗಿನ ಕೋಣೆಗಳಲ್ಲಿ ಕೂರಿಸಿ ಲೆಕ್ಕ ಬಿಡಿಸಲು ಕೊಟ್ಟಾಗ, ಬಿಸಿ ಏರಿದಂತೆ ಹೆಣ್ಣುಮಕ್ಕಳ ಉತ್ತರ ಸುಧಾರಿಸಿತು, ಗಂಡುಮಕ್ಕಳದ್ದು ಸ್ವಲ್ಪ ಇಳಿಯಿತು. ನಮ್ಮ ಕಾಲೇಜುಗಳಲ್ಲಿ ಎಸಿಯ ಕೆಳಗೆ ಶಾಲು ಹೊದ್ದು, ಕೈ ಉಜ್ಜುತ್ತ ಕೂತ ಹುಡುಗಿಯರಿಗೆ ಇದನ್ನು ತಿಳಿಸಲು ಬರ್ಲಿನ್ ಬೇಕಿರಲಿಲ್ಲ.

ಈಗ ಉಡುಪಿಯ ಕಡತ ತೆರೆಯೋಣ. 2025ರ ದ್ವಿತೀಯ ಪಿಯುಸಿ ಪರೀಕ್ಷೆ ನಡೆದದ್ದು ಮಾರ್ಚಿನಲ್ಲಿ. ಸೆಕೆಗಾಲದ ಬಾಗಿಲಲ್ಲಿ, ಹೆಚ್ಚಿನ ಕಡೆ ಕಟಕಟ ಎನ್ನುವ ಫ್ಯಾನಿನಡಿ. ರಾಜ್ಯಕ್ಕೆ ಮೊದಲ ಸ್ಥಾನ ಶೇ. 93.90ರೊಂದಿಗೆ ಉಡುಪಿಗೆ, ಎರಡನೆಯದು ದಕ್ಷಿಣ ಕನ್ನಡಕ್ಕೆ. ಹಂಟಿಂಗ್ಟನ್ನನ ಪ್ರಕಾರ ಮೊದಲಿರಬೇಕಾಗಿದ್ದ ತಂಪಿನ ಕೊಡಗು ಇವೆರಡರ ಹಿಂದೆ. ಹಾಗಾದರೆ ಸೆಕೆಯೇ ವಿದ್ಯೆಗೆ ಗೊಬ್ಬರವೇ? ಅವಸರ ಬೇಡ. ಅದೇ ಪಟ್ಟಿಯ ತಳದಲ್ಲಿ ಶೇ. 48.45ರೊಂದಿಗೆ ಯಾದಗಿರಿ ಇದೆ, ಬಿಸಿಲಿಗೆ ಅಲ್ಲೇನೂ ಬರವಿಲ್ಲ. ಈ ವಿರೋಧವನ್ನು ಪರಿಹರಿಸಲು ಪ್ರಬಂಧಕಾರನು ‘ಲವಣಸಿದ್ಧಾಂತ’ವನ್ನು ಮಂಡಿಸುತ್ತಾನೆ: ಒಣ ಬಿಸಿ ವಿದ್ಯೆಯನ್ನು ಸುಡುತ್ತದೆ, ಉಪ್ಪುಗಾಳಿಯ ಸೆಕೆ ಅದನ್ನು ಉಪ್ಪಿನಕಾಯಿಯಂತೆ ಕಾಪಾಡುತ್ತದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದಿವೆ, ಕರಾವಳಿಯಲ್ಲಿ ಮಿಷನ್ನಿನವರೂ ಮಠದವರೂ ಮಣಿಪಾಲದ ಪೈಗಳೂ ತಲೆಮಾರುಗಳ ಹಿಂದೆಯೇ ಶಾಲೆ ಕಟ್ಟಿದ್ದಾರೆ ಎಂದು ಕೆಲವರು ತಕರಾರು ತೆಗೆಯಬಹುದು. ಥರ್ಮಾಮೀಟರಿನಲ್ಲಿ ಕಾಣದ ಕಾರಣಗಳಿಗೆ ನಮ್ಮ ಸೂತ್ರದಲ್ಲಿ ಜಾಗವಿಲ್ಲ.

ಸಿದ್ಧಾಂತ

ಉಡುಪಿ ಮಧ್ವರ ನೆಲ. ಇಲ್ಲಿ ಭೇದ ಸತ್ಯ, ತಾರತಮ್ಯ ಸತ್ಯ. ಎಸಿ ಕ್ಲಾಸಿನ ಜೀವಕ್ಕೂ ಫ್ಯಾನ್ ಕ್ಲಾಸಿನ ಜೀವಕ್ಕೂ ಭೇದವಿದೆ, ಎಸಿಯ ನೇರ ಕೆಳಗಿನ ಬೆಂಚಿಗೂ ಕಿಟಕಿಯ ಬೆಂಚಿಗೂ ಭೇದವಿದೆ. ತತ್ತ್ವಗಳು ಎರಡೇ, ಸ್ವತಂತ್ರ ಮತ್ತು ಅಸ್ವತಂತ್ರ. ತರಗತಿಯಲ್ಲಿ ಸ್ವತಂತ್ರವಾದದ್ದು ರಿಮೋಟ್ ಒಂದೇ. ಉಪನ್ಯಾಸಕರು, ವಿದ್ಯಾರ್ಥಿಗಳು, ಪಠ್ಯಕ್ರಮ ಎಲ್ಲವೂ ಅದರ ಅಧೀನ.

ರಿಮೋಟ್ ಇರುವುದು ಅಟೆಂಡರ್ ಅಣ್ಣನ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿ, ಹಿಂದಿನ ಮುಚ್ಚಳ ಕಳೆದುಹೋದ ಸ್ಥಿತಿಯಲ್ಲಿ. 2020ರಿಂದ ಸ್ಟಾರ್ ಗುರುತಿನ ಎಸಿಗಳು ಶುರುವಾಗುವುದೇ 24 ಡಿಗ್ರಿಯಲ್ಲಿ ಎಂಬುದು ಕೇಂದ್ರ ಸರಕಾರದ ನಿಯಮ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆಂದು ಇಂಧನ ದಕ್ಷತೆಯ ಬ್ಯೂರೋ ಹೇಳುತ್ತದೆ. ಆದರೆ ಹಿಂದಿನ ಬೆಂಚಿನ ಹುಡುಗನ ಮೊಬೈಲಿನಲ್ಲಿ ಇನ್‌ಫ್ರಾರೆಡ್ ಇದೆ. ಅವನು ಬ್ಯಾಗಿನ ಹಿಂದಿನಿಂದ ಮೊಬೈಲ್ ಎತ್ತಿ 16ಕ್ಕೆ ಇಳಿಸುತ್ತಾನೆ. ‘ಬೀಪ್’ ಎನ್ನುತ್ತದೆ. ಸರ್ ಬೋರ್ಡಿನಿಂದ ತಿರುಗಿ ನೋಡುತ್ತಾರೆ, ಅರುವತ್ತು ಮುಖಗಳಲ್ಲೂ ಹಠಾತ್ತನೆ ಜ್ಞಾನದಾಹ. ಮತ್ತೆ ಬೋರ್ಡಿಗೆ ತಿರುಗುತ್ತಾರೆ, ಮುಂದಿನ ಬೆಂಚಿನಿಂದ ಇನ್ನೊಂದು ಬೀಪ್, 27. “ಎಂತದಾ ಮಾರಾಯ, ಕಮ್ಮಿ ಮಾಡಾ” ಎಂಬ ಪಿಸುಮಾತು. ಹೀಗೆ ಒಂದು ಪೀರಿಯಡ್ ಪೂರ್ತಿ ಎರಡು ಪಕ್ಷಗಳೂ ನಿದ್ದೆ ಮಾಡದೆ ಎಚ್ಚರವಾಗಿರುತ್ತವೆ. ಎಸಿಯಿಂದ ವಿದ್ಯಾರ್ಥಿಯ ಉತ್ಸಾಹ ಹೆಚ್ಚುತ್ತದೆಂಬುದಕ್ಕೆ ನನಗೆ ಸಿಕ್ಕಿದ ಗಟ್ಟಿ ಪುರಾವೆ ಇದೊಂದೇ.

ಡೆನ್ಮಾರ್ಕಿನ ಓಲೆ ಫ್ಯಾಂಗರ್ ಕೂಡ ಕಾಲೇಜು ಹುಡುಗರನ್ನು ಪ್ರಯೋಗದ ಕೋಣೆಯಲ್ಲಿ ಕೂರಿಸಿದವನೇ. ಅವನ 1970ರ ಸೂತ್ರ ಜಗತ್ತಿನ ಎಸಿ ಎಂಜಿನಿಯರುಗಳಿಗೆಲ್ಲ ವೇದ. ಅದರ ಪ್ರಕಾರ ಏನೇ ಮಾಡಿದರೂ, ಎಷ್ಟೇ ಹದ ಹಿಡಿದರೂ, ಶೇಕಡಾ 5 ಮಂದಿಗೆ ಅಸಮಾಧಾನ ಇದ್ದೇ ಇರುತ್ತದೆ. ಅರುವತ್ತರ ಕ್ಲಾಸಿನಲ್ಲಿ ಮೂವರು. ಆ ಮೂವರು ಯಾರೆಂದು ಎಲ್ಲ ಉಪನ್ಯಾಸಕರಿಗೂ ಗೊತ್ತು.

ಈಗ ಈ ಪ್ರಬಂಧದ ಸ್ವಂತ ಕೊಡುಗೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖ ಸುಮಾರು 100 ವಾಟ್. ಅರುವತ್ತು ಮಂದಿಯೆಂದರೆ 6000 ವಾಟ್. ಒಂದು ಟನ್ ಎಸಿ ತೆಗೆಯಬಲ್ಲದ್ದು 3500 ವಾಟ್. ಗೋಡೆ, ತಾರಸಿ, ಬಿಸಿಲು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ವಿದ್ಯಾರ್ಥಿಗಳನ್ನು ತಣಿಸಲಿಕ್ಕೇ ಒಂದೂಮುಕ್ಕಾಲು ಟನ್ ಬೇಕಾಯಿತು. ನಿಯಮದ ಶೇಕಡಾ 75 ಹಾಜರಾತಿಯನ್ನು ಕೂದಲೆಳೆಯಷ್ಟೂ ಮೀರದೆ ಪಾಲಿಸಿದರೆ ದಿನಕ್ಕೆ ಹದಿನೈದು ಮಂದಿ ಹೊರಗಿರುತ್ತಾರೆ, 1500 ವಾಟ್ ಉಳಿತಾಯವಾಗುತ್ತದೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಸೂರ್ಯಾಸ್ತ ನೋಡುತ್ತಿರುವ, ಮಲ್ಪೆಯಲ್ಲಿ ಕಾಲು ಒದ್ದೆ ಮಾಡುತ್ತಿರುವ ಈ ಮಹನೀಯರನ್ನು ಚಕ್ಕರ್ ಹೊಡೆಯುವವರು ಎಂದು ಹೀಗಳೆಯುವುದು ಅನ್ಯಾಯ. ಅವರು ಸಹಪಾಠಿಗಳ ತಂಪಿಗಾಗಿ ತಮ್ಮ ಶಾಖವನ್ನು ಸ್ವಂತ ಖರ್ಚಿನಲ್ಲಿ ಬೇರೆಡೆಗೆ ಸಾಗಿಸುತ್ತಿದ್ದಾರೆ.

ಶಾಖ ಎಲ್ಲಿಗೂ ಮಾಯವಾಗುವುದಿಲ್ಲ ನೋಡಿ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರ ಕಲ್ಲಿದ್ದಲು ಸುಟ್ಟು ನೀರು ಕುದಿಸಿ ಕರೆಂಟ್ ಮಾಡಿ ಗ್ರಿಡ್ಡಿಗೆ ಬಿಡುತ್ತದೆ. ಅಂಥ ಕರೆಂಟು ಗುಡ್ಡ ಹತ್ತಿ ಬಂದು ಕೋಣೆಯೊಳಗಿನ ಬಿಸಿಯನ್ನು ಕಾರಿಡಾರಿಗೆ ತಳ್ಳುತ್ತದೆ. ಕಾರಿಡಾರಿನಲ್ಲಿ, ಔಟ್‌ಡೋರ್ ಯೂನಿಟ್ಟಿನ ಎದುರೇ, ಅಸೈನ್‌ಮೆಂಟ್ ತರದ್ದಕ್ಕೆ ಹೊರಗೆ ನಿಲ್ಲಿಸಲ್ಪಟ್ಟವನು ನಿಂತಿರುತ್ತಾನೆ. ಇಡೀ ತರಗತಿಯ ಶಾಖ ಅವನೊಬ್ಬನ ಮುಖಕ್ಕೆ. ಇಷ್ಟು ಕಟ್ಟುನಿಟ್ಟಾದ ಶಿಕ್ಷೆ ಹಳೆಯ ಬೆತ್ತದ ಕಾಲದಲ್ಲೂ ಇರಲಿಲ್ಲ.

ಮುರಕಲ್ಲಿನ ಗೋಡೆ, ಎತ್ತರದ ಮಾಡು, ಮಂಗಳೂರು ಹಂಚು ಇದ್ದ ಹಳೆಯ ಕೋಣೆಗಳಲ್ಲಿ ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಿಂದ ತಾನೇ ಹೊರಟುಹೋಗುತ್ತಿತ್ತು. ಈಗಿನ ಸ್ಪ್ಲಿಟ್ ಎಸಿಯ ಕೋಣೆಗೆ ಕಿಟಕಿ ತೆರೆಯುವಂತಿಲ್ಲ, ಆ ಯಂತ್ರವೋ ಹೊರಗಿನಿಂದ ಹೊಸ ಗಾಳಿ ತರುವುದಿಲ್ಲ. ಇದ್ದ ಗಾಳಿಯನ್ನೇ ತಂಪು ಮಾಡಿ ಅರುವತ್ತು ಮಂದಿಗೆ ಸರದಿಯಂತೆ ಉಣಬಡಿಸುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ, ಕಣ್ಣು ಎಳೆಯುತ್ತದೆ. ಇದರ ಮೇಲೆ ಕುಚ್ಚಲಕ್ಕಿ ಗಂಜಿಯ ಊಟ ಆಗಿದ್ದರೆ ಎರಡು ಗಂಟೆಯ ಪೀರಿಯಡ್ಡಿನಲ್ಲಿ ಎಚ್ಚರ ಇರುವುದು ಎಸಿ ಮಾತ್ರ.

ಎಂ.ಬಿ.ಎ. ತರಗತಿಗಳಲ್ಲಿ ಹರ್ಜ್‌ಬರ್ಗನ ಸಿದ್ಧಾಂತ ಕಲಿಸುತ್ತಾರೆ. 1959ರಲ್ಲಿ ಅವನು ಹೇಳಿದ್ದಿಷ್ಟು: ಕೆಲಸದ ಜಾಗ, ಗಾಳಿ ಬೆಳಕು, ಸಂಬಳ ಇವು ಕೆಟ್ಟರೆ ಜನ ಗೊಣಗುತ್ತಾರೆ, ಸರಿಯಿದ್ದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದ ಒಳಗಿನಿಂದ. ಎಸಿ ಕೋಣೆಯಲ್ಲಿ ಕೂತು ಇದನ್ನು ಹತ್ತು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡುವವರ ಮುಖದಲ್ಲಿ ಗೊಣಗೂ ಇರುವುದಿಲ್ಲ, ಹುರುಪೂ ಇರುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ಒಂದು ಅಡ್ಡಿ ಎದುರಾಯಿತು. ಒಂದು ಕಾಲೇಜಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಯಿತು. ಎರಡು ಬೈರಾಸಿನ ಸೆಕೆ. ಅರ್ಥಶಾಸ್ತ್ರದ ಮೇಡಂ ಡಸ್ಟರ್ ಕೆಳಗಿಟ್ಟು, ಜೂನ್ ಒಂದರಿಂದ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಬಿದ್ದಾಗ ಬೂತಾಯಿ ರೇಟು ಏನಾಗುತ್ತದೆಂದು ಕೇಳಿದರು. ಹಿಂದಿನ ಬೆಂಚಿನ ಒಬ್ಬ ಎದ್ದು, ತನ್ನ ಅಮ್ಮ ಮೀನು ಮಾರುವ ಲೆಕ್ಕ ಹೇಳಿದ. ಇನ್ನೊಬ್ಬಳು ಐಸ್ ಪ್ಲಾಂಟಿನ ಕರೆಂಟ್ ಬಿಲ್ ತಂದಳು. ಬೇಡಿಕೆ, ಪೂರೈಕೆ, ಹರಾಜು ಎಂದು ಗಲಾಟೆಯೇ ಗಲಾಟೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ, ಕರೆಂಟ್ ಬಂದದ್ದೂ ಯಾರಿಗೂ ತಿಳಿಯಲಿಲ್ಲ. ಉಷ್ಣತೆಗೂ ಉತ್ಸಾಹಕ್ಕೂ ಇಲ್ಲಿ ಯಾವ ಸಂಬಂಧವೂ ಕಾಣದ ಕಾರಣ ಈ ದತ್ತಾಂಶವನ್ನು ಅಪವಾದವೆಂದು ಪರಿಗಣಿಸಿ ಕೈಬಿಡಲಾಗಿದೆ.

ಅನುಬಂಧ

ಮಳೆಗಾಲದ ರೆಡ್ ಅಲರ್ಟ್ ಕೂಡ ಇಲ್ಲಿ ಸೇರಬೇಕಿತ್ತು. ಜಿಲ್ಲಾಧಿಕಾರಿಗಳ ರಜೆ ಆದೇಶಕ್ಕಾಗಿ ಬೆಳಿಗ್ಗೆ ಐದಕ್ಕೇ ಎದ್ದು, ಉಪಗ್ರಹ ಚಿತ್ರ ನೋಡಿ, ಪಕ್ಕದ ಜಿಲ್ಲೆಯ ಆದೇಶದೊಡನೆ ಹೋಲಿಸಿ, ನಕಲಿ ಆದೇಶವನ್ನು ಸಹಿಯ ಓರೆಯಿಂದಲೇ ಪತ್ತೆ ಹಚ್ಚಿ, ಕೊನೆಗೆ ರಜೆ ಪಿಯುಸಿವರೆಗೆ ಮಾತ್ರ ಎಂದು ಓದಿದ ಡಿಗ್ರಿ ವಿದ್ಯಾರ್ಥಿಯ ಸಂಶೋಧನಾ ಶಕ್ತಿ ಪ್ರತ್ಯೇಕ ಗ್ರಂಥಕ್ಕೆ ಯೋಗ್ಯ.

ಈ ಪ್ರಬಂಧದ ಮಂಡನೆಗೆ ಒಂದು ದಿನದ ವಿಚಾರ ಸಂಕಿರಣ ಏರ್ಪಡಿಸುವ ಆಲೋಚನೆಯಿದೆ. ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ, ಸ್ವಾಗತ ಹನ್ನೊಂದೂವರೆವರೆಗೆ, ಮಂಡನೆ ಊಟದ ನಂತರ. ಸಭಾಂಗಣಕ್ಕೆ ಎಸಿ ಇದೆ, ರಿಮೋಟ್ ಅಟೆಂಡರ್ ಅಣ್ಣನಲ್ಲಿದೆ, ಅವರು ಆ ದಿನ ರಜೆ. ಊಟ ಮುಗಿದ ಕೂಡಲೇ ಸಭೆ ಖಾಲಿಯಾಗುವ ಸಂಪ್ರದಾಯವನ್ನು ಮನಗಂಡು ಪ್ರಮಾಣಪತ್ರಗಳನ್ನು ಸಮಾರೋಪದ ಬಳಿಕವೇ ಕೊಡಲಾಗುವುದು. ಬೈರಾಸು ಅವರವರದ್ದೇ ತರತಕ್ಕದ್ದು.