ಎಳ್ಳ ಅಮಾಸಿಯ ಹೊಟ್ಟೆನೋವು: ಒಂದು ರಜಾಮೀಮಾಂಸೆ

ಪೂರ್ವಪಕ್ಷ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಇದು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ಸೂತ್ರ. ಸಿದ್ಧಾಂತ: ಸೂತ್ರಕಾರರು ಬೀದರ್ ಜಿಲ್ಲೆಯ ಎಳ್ಳ ಅಮಾಸಿ ನೋಡಿದವರಲ್ಲ.

ಮಾರ್ಗಶಿರದ ಈ ಅಮಾವಾಸ್ಯೆಗೆ ಊರಿಗೆ ಊರೇ ಹೊಲ ಸೇರುತ್ತದೆ. ಪೂಜೆ, ಹೊಲದ ತುಂಬ ನೈವೇದ್ಯ ಎರಚುವ ಚರಗ ಮುಗಿದ ಮೇಲೆ ಸಜ್ಜೆ ರೊಟ್ಟಿ, ಅಂಬಲಿ, ಕಾಳು-ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ. ರಾಜ್ಯದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಆದಕಾರಣ ಅಂದು ಮುಂಜಾನೆ ನೌಕರವರ್ಗಕ್ಕೆ ಹೊಟ್ಟೆನೋವು ಬರುತ್ತದೆ. ಭಜ್ಜಿ ಉಂಡ ಮೇಲೆ ಬರಬೇಕಾದದ್ದು ಉಣ್ಣುವ ಮೊದಲೇ ಬರುವುದನ್ನು ವೈದ್ಯಶಾಸ್ತ್ರ ಗಮನಿಸಬೇಕು.

ರೋಗಲಕ್ಷಣ ಹೇಳುವುದರಲ್ಲಿ ಮೂರು ಪಂಥಗಳಿವೆ. ಬೀದರ್ ಪಂಥದ್ದು ಫೋನ್ ಮಾರ್ಗ: "ಹೊಟ್ಟಿ ಭಾಳ್ ನೋಯ್ಲತದ್ರಿ ಸಾಹೇಬ್ರ." ಸಾಹೇಬರೂ ಆಗಲೇ ಬುತ್ತಿ ಕಟ್ಟಿಸುತ್ತಿರುವುದರಿಂದ, "ಆರಾಮ್ ಮಾಡ್ರಿ, ನಾಳಿ ಬರೋವಾಗ ಭಜ್ಜಿ ತರ್ರಿ" ಎಂಬಲ್ಲಿಗೆ ಮಂಜೂರಾತಿ ಮುಗಿಯುತ್ತದೆ. ಭಾಲ್ಕಿಯವರು ಮುನ್ನಾದಿನವೇ "ತೀರ ಜರೂರಿ ಕೆಲಸ" ಎಂದು ಬರೆದುಕೊಡುತ್ತಾರೆ. ಕೆಲಸ ಯಾವುದೆಂದು ಕೇಳುವುದು ಸಭ್ಯತೆಯಲ್ಲ. ಔರಾದ್‌ನವರಿಗೆ ದೇಗಲೂರು, ಉದಗೀರ್‌ಗಳಲ್ಲಿ ನೆಂಟರಿದ್ದಾರೆ. ಕಾರಣ ನಿಜವೋ ಸುಳ್ಳೋ ನೋಡಬೇಕೆಂದರೆ ಸಾಹೇಬರು ರಾಜ್ಯದ ಗಡಿಯನ್ನೇ ದಾಟಬೇಕು.

ಇನ್ನು ಗಣಿತ. 2019ರಲ್ಲಿ ಸರ್ಕಾರ ನಾಲ್ಕನೇ ಶನಿವಾರದ ರಜೆ ಕೊಟ್ಟು, ವರ್ಷದ ಸಾಂದರ್ಭಿಕ ರಜೆಯನ್ನು (ಸಿಎಲ್) 15ರಿಂದ 10ಕ್ಕೆ ಇಳಿಸಿತು. ಹನ್ನೆರಡು ಶನಿವಾರ ಪಡೆದು ಐದು ಸಿಎಲ್ ಕಳೆದುಕೊಂಡವರು ಐದನ್ನಷ್ಟೇ ಲೆಕ್ಕ ಹಿಡಿದು ಮರುಗಿದರು. ಶನಿವಾರವನ್ನು ಬೇಕಾದ ದಿನಕ್ಕೆ ಜರುಗಿಸಲಾಗದು, ಹೊಟ್ಟೆನೋವನ್ನು ಜರುಗಿಸಬಹುದು ಎಂಬುದು ಅವರ ವಾದ; ತರ್ಕದಲ್ಲಿ ಲೋಪವಿಲ್ಲ. ಆದರೆ 2024ರಲ್ಲಿ ಪಂಚಾಂಗವೇ ಸರ್ಕಾರದ ಪರ ನಿಂತಿತು. ಆ ವರ್ಷ ಎಳ್ಳ ಅಮಾಸಿ ಎರಡು ಸಲ ಬಂತು: ಜನವರಿ 11, ಡಿಸೆಂಬರ್ 30. ಎರಡನೆಯದು ಸೋಮವಾರ, ಹಿಂದಿನ ದಿನ ಭಾನುವಾರ, ಅದರ ಹಿಂದಿನದು ನಾಲ್ಕನೇ ಶನಿವಾರ. ಉಳಿದ ಸಿಎಲ್ ಮರುದಿನ ರಾತ್ರಿ ಸತ್ತುಹೋಗುವಂಥದ್ದು. 300 ದಿನದವರೆಗೆ ಗಳಿಕೆ ರಜೆ ಕೂಡಿಟ್ಟು ನಿವೃತ್ತಿಯಂದು ನಗದು ಎಣಿಸುವ ಜಿಪುಣರೂ ಅಂದು ಉದಾರವಾಗಿ ಹಾಸಿಗೆ ಹಿಡಿದಿರಬೇಕು. 2025ರಲ್ಲಿ ಅಮಾವಾಸ್ಯೆ ಡಿಸೆಂಬರ್ 19ರ ಶುಕ್ರವಾರ. ಮರುದಿನ ಮೂರನೇ ಶನಿವಾರ, ಅಂದರೆ ಕಚೇರಿ; ನೋವು ಎರಡು ದಿನಕ್ಕೆ ವಿಸ್ತರಿಸಿದ್ದರೆ ದೋಷ ಚಂದ್ರನದು.

ಗಂಜ್‌ನ ಅಂಗಡಿಯಲ್ಲಿ ದುಡಿಯುವ ಹುಡುಗನ ವಿಷಯದಲ್ಲಿ ಮಾತ್ರ ಈ ಶಾಸ್ತ್ರಕ್ಕೆ ಆಕರಗಳ ಕೊರತೆ, ಏಕೆಂದರೆ ಅವನು ಅರ್ಜಿಯನ್ನೇ ಬರೆಯುವುದಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅವನಿಗೆ ವಾರಕ್ಕೊಂದು ರಜೆ, ದುಡಿದ 20 ದಿನಕ್ಕೊಂದು ಸಂಬಳಸಹಿತ ರಜೆ, ಕಾಯಿಲೆಗೆಂದೇ ವರ್ಷಕ್ಕೆ 12 ದಿನ ಕೊಟ್ಟಿದೆ. ಅಂದರೆ ಹೊಟ್ಟೆನೋವಿಗೆ ಕಾಯ್ದೆಯ ಬೆಂಬಲ ಅವನಿಗೂ ಇದೆ. ಆದರೆ ಅಮಾಸಿಯಂದು ಗಿರಾಕಿಗಳೇ ಹೊಲದಲ್ಲಿರುವುದರಿಂದ ಸೇಠ್‌ಜಿಯೇ ಶಟರ್ ಎಳೆದು, "ಇವತ್ತ ಹೋಗಪ್ಪ" ಅನ್ನುತ್ತಾರೆ. ಆ ದಿನದ ಪಗಾರ ಮುರಿದರೋ ಇಲ್ಲವೋ ಎಂಬುದು ಅವನಿಗೆ ಗೊತ್ತಾಗುವುದು ಮುಂದಿನ ತಿಂಗಳ ಒಂದನೇ ತಾರೀಖಿಗೆ.