ಮಷಿನ್ ಕೆಟ್ಟಿಲ್ಲ, ಮತ್ತೇನೋ ಕೆಟ್ಟದ

ನಮ್ಮ ನಿಂಬರ್ಗಾದಲ್ಲಿ ಎತ್ತಿಗೆ ಜಡ್ಡು ಬರಲಿ, ಬೋರಿನ ಮೋಟರು ಸುಡಲಿ, ಯಾರದೋ ಮಗನಿಗೆ ಕನ್ಯಾ ಸಿಗದೆ ಹೋಗಲಿ, ಕಾರಣ ಹೇಳುವವರಿಗೆ ಎಂದೂ ಬರ ಬಿದ್ದಿಲ್ಲ. ರಿಪೇರಿ ಮಾಡುವವರು ಮಾತ್ರ ಆಳಂದದಲ್ಲೋ ಕಲಬುರಗಿಯಲ್ಲೋ ಇರುತ್ತಾರೆ. ಪುಣೆಯಲ್ಲಿ ನೌಕರಿ ಮಾಡುವ ಮಗ ಬಟ್ಟೆ ಒಗೆಯುವ ಮಷಿನ್ ಕಳಿಸಿಕೊಟ್ಟ ದಿನ ಓಣಿಯ ಹಿರಿಯರೆಲ್ಲ ಪಡಸಾಲೆಗೆ ಬಂದು, ಚಹಾ ಕುಡಿದು, ಅದು ಮುಂದೆ ಯಾವ್ಯಾವ ರೀತಿಯಲ್ಲಿ ಕೆಡಬಹುದು ಎಂಬುದನ್ನು ಸವಿಸ್ತಾರವಾಗಿ ಚರ್ಚಿಸಿದರು. ಆಗಿನ್ನೂ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿರಲಿಲ್ಲ.

ಮಷಿನ್ನಿನ ಬೆನ್ನಿಗೆ ನಾಲ್ಕು ಉದ್ದನೆಯ ಬೋಲ್ಟು ಬಿಗಿದಿದ್ದವು. ಲಾರಿಯಲ್ಲಿ ಬರುವಾಗ ಒಳಗಿನ ಡ್ರಮ್ಮು ಹೊಯ್ದಾಡಬಾರದೆಂದು ಹಾಕಿರುತ್ತಾರೆ; ಮನೆಗೆ ಬಂದ ಮೇಲೆ ತೆಗೆಯಲೇಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಮಷಿನ್ ಗಡಗಡ ನಡುಗುತ್ತದೆ. ಆದರೆ ಎದುರು ಮನೆಯ ಕಾಕಾ ಸುತರಾಂ ಒಪ್ಪಲಿಲ್ಲ. “ಕಂಪನಿಯವ್ರೇ ಬಿಗದ್ ಕಳಿಸ್ಯಾರ, ನೀವ್ಯಾಕ ಬಿಚ್ಚತೀರಿ? ಗಟ್ಟಿ ಇದ್ದಷ್ಟು ಚೊಲೋ” ಎಂದರು. ಬೋಲ್ಟು ಬಿಚ್ಚಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಇವತ್ತಿಗೂ ಮಷಿನ್ನಿಗೆ ಏನೇ ಆದರೂ ಅವರ ರೋಗನಿದಾನ ಒಂದೇ: “ಅವತ್ತ ಬೋಲ್ಟ್ ಬಿಚ್ಚಬಾರದಿತ್ತು.”

ಮಷಿನ್ ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತದೆ ಎಂದು ಮಗ ಧೈರ್ಯ ಕೊಟ್ಟಿದ್ದ. ಹೇಳಿಕೊಳ್ಳುತ್ತದೆ ನಿಜ, ಆದರೆ ಎರಡೇ ಅಕ್ಷರದಲ್ಲಿ. ನೀರು ಒಳಗೆ ಬರದಿದ್ದರೆ ‘ಐ ಇ’, ಒಳಗಿನ ನೀರು ಹೊರಗೆ ಹೋಗದಿದ್ದರೆ ‘ಓ ಇ’, ಬಟ್ಟೆಯೆಲ್ಲ ಒಂದೇ ಮಗ್ಗುಲಿಗೆ ಬಿದ್ದು ತೂಕ ತಪ್ಪಿದರೆ ‘ಯು ಇ’, ಬಾಗಿಲು ಸರಿಯಾಗಿ ಕೂರದಿದ್ದರೆ ‘ಡಿ ಇ’. ಈ ಬೀಜಾಕ್ಷರಗಳು ಕಂಪನಿಯಿಂದ ಕಂಪನಿಗೆ ಬೇರೆ; ನಮ್ಮದರ ಮಂತ್ರ ಇದು. ಜೊತೆಗೆ ಬಂದ ಪುಸ್ತಕದಲ್ಲಿ ಪ್ರತಿ ರೋಗಕ್ಕೂ ಮೂರು ನಾಲ್ಕು ಮದ್ದು ಬರೆದು, ಕೊನೆಗೆ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಎಂದಿರುತ್ತಾರೆ. ಫೋನ್ ಮಾಡಿದರೆ ಒಂದು ಒತ್ತು, ಎರಡು ಒತ್ತು ಎಂದು ಸಾಕಷ್ಟು ಒತ್ತಿಸಿಕೊಂಡು, ಬಹಳ ಹೊತ್ತು ಹಾಡು ಕೇಳಿಸಿ, ಮಷಿನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ನೋಡಿ ಎನ್ನುತ್ತಾರೆ. ಅಷ್ಟನ್ನು ನಮ್ಮ ಆಯಿಯೂ ಹೇಳುತ್ತಾಳೆ, ಹಾಡಿಲ್ಲದೆ.

ಆಯಿ ಎಂದರೆ ಮಗನಿಗೆ ಅಜ್ಜಿ, ನನಗೆ ಅವ್ವ, ಮನೆಮಂದಿಗೆಲ್ಲ ಆಯಿ. ಸ್ವೀಡನ್ನಿನ ಹ್ಯಾನ್ಸ್ ರೋಸ್ಲಿಂಗ್ ಎಂಬ ವೈದ್ಯರು 2010ರಲ್ಲಿ ಮಾಡಿದ ಒಂದು ಪ್ರಸಿದ್ಧ ಭಾಷಣವಿದೆ. ಅವರ ಮನೆಗೆ ಮೊದಲ ಮಷಿನ್ ಬಂದ ದಿನ ಗುಂಡಿ ಒತ್ತುವ ಹಕ್ಕು ತನ್ನದೇ ಎಂದು ಅಜ್ಜಿ ಹಟ ಹಿಡಿದು, ಒತ್ತಿ, ಅದರ ಮುಂದೆಯೇ ಕುಳಿತು ಇಡೀ ಒಗೆತವನ್ನು ನೋಡಿದರಂತೆ. ಜೀವಮಾನವಿಡೀ ಸೌದೆ ಉರಿಸಿ ನೀರು ಕಾಸಿ ಬಟ್ಟೆ ಒಗೆದ ಹೆಂಗಸಿಗೆ ಅದು ಪವಾಡ. ನಮ್ಮ ಆಯಿಯೂ ಗಾಜಿನ ಬಾಗಿಲ ಮುಂದೆ ಕೂತು ಪೂರಾ ನೋಡಿದಳು, ಆದರೆ ಮೇಸ್ತ್ರಿಯ ಕಣ್ಣಿನಿಂದ. “ಕಾಲರ್ ತಿಕ್ಕಲೇ ಇಲ್ಲ. ಬರೇ ಹೊಳ್ಳ್ಯಾಡಿಸಲತ್ತದ” ಎಂದು ಷರಾ ಬರೆದಳು. ಕಂಪೌಂಡಿನ ಮೂಲೆಯಲ್ಲಿರುವ ಶಾಬಾದಿ ಕಲ್ಲಿನ ಮೇಲೆ ಧೋತರ ಎತ್ತಿ ಬಡಿದ ಕೈ ಅದು. ಆದರೆ ಹೀಗೆ ದಿನಾ ಕಾವಲು ಕೂತಿದ್ದರಿಂದ ಒಂದು ಉಪಕಾರವಾಯಿತು. ನೀರು ತುಂಬುವುದು, ತಿರುವುವುದು, ನೀರು ಬಿಡುವುದು, ಮತ್ತೆ ತುಂಬಿ ಜಾಲಾಡುವುದು, ಕೊನೆಗೆ ಗಿರಗಿರ ತಿರುಗಿ ಹಿಂಡುವುದು, ಈ ಸರಣಿ ಅವಳಿಗೆ ಬಾಯಿಪಾಠವಾಯಿತು. ಮಷಿನ್ ನಿಂತಾಗ “ಎರಡನೇ ಸಲ ನೀರ ಬಿಡೂಮುಂದ ನಿಂತದ” ಎಂದು ಖಚಿತವಾಗಿ ಹೇಳಬಲ್ಲಳು. ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆಯೇ.

ಇನ್ನರ್ಧಕ್ಕೆ ನಮ್ಮ ಮಿಸ್ತ್ರಿ ಇದ್ದಾನೆ. ಅವನ ಅಸಲಿ ಕಸುಬು ಬೋರಿನ ಮೋಟರಿನ ರಿವೈಂಡಿಂಗ್. ಸುಟ್ಟ ತಾಮ್ರದ ತಂತಿಯ ವಾಸನೆ ಹಿಡಿದೇ ಯಾವ ಹೊಲದ ಮೋಟರು, ಎಷ್ಟು ದಿನದಿಂದ ಒಣಗಿ ಓಡುತ್ತಿತ್ತು ಎಂದು ಹೇಳುವ ಮನುಷ್ಯ. ಬಟ್ಟೆ ಮಷಿನ್ ಅವನ ಕಣ್ಣಿಗೆ ಹೊಲಕ್ಕೆ ಹೋಗದ ಮೋಟರು, ಅಷ್ಟೇ. ಬಂದ ಕೂಡಲೇ ಪೇಚಕಸ್ ತೆಗೆಯುವುದಿಲ್ಲ. ಸುತ್ತ ಒಮ್ಮೆ ನೋಡುತ್ತಾನೆ, ಮಾಳಿಗೆ ನೋಡುತ್ತಾನೆ, ನೆಲ ನೋಡುತ್ತಾನೆ, ನಮ್ಮ ಮುಖ ನೋಡುತ್ತಾನೆ. ಆಮೇಲೆ ಅವನ ಸಿದ್ಧಾಂತ ಹೊರಬೀಳುತ್ತದೆ: “ಮಷಿನ್ ಕೆಟ್ಟಿಲ್ಲ ಕಾಕಾ, ಮತ್ತೇನೋ ಕೆಟ್ಟದ. ನೀರ ನೋಡ್ರಿ, ಕರೆಂಟ್ ನೋಡ್ರಿ, ನೆಲ ನೋಡ್ರಿ, ಬಕ್ಕಣ ನೋಡ್ರಿ. ಇವು ನಾಕೂ ಬರೋಬ್ಬರಿ ಇದ್ದರ ಮಾತ್ರ ಮಷಿನ್ ಬಿಚ್ಚೋಣು.”

ಮೊದಲನೆಯದು ನೀರು. ‘ಐ ಇ’ ಬಂದಾಗ ಮಾಳಿಗೆಯ ಟ್ಯಾಂಕು ತುಂಬಿಯೇ ಇತ್ತು. ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಮಿಸ್ತ್ರಿ ಟ್ಯಾಂಕಿಗೂ ನಲ್ಲಿಗೂ ನಡುವಿನ ಎತ್ತರ ನೋಡಿ ತಲೆಯಾಡಿಸಿದ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹಾಕುತ್ತದೆ. ಮೂರು ಮೀಟರಿದ್ದರೆ ಅದರ ಮೂರನೆಯ ಒಂದಂಶವೂ ಇಲ್ಲ. ಅಷ್ಟರಲ್ಲೇ ಹೊಂದಿಸಿಕೊಳ್ಳುವ ಮಷಿನ್ನಿಗೆ ನಾವು ಇನ್ನೊಂದು ಅಡ್ಡಿ ಸಾಕಿದ್ದೆವು. ನೀರಿನ ಪೈಪು ಮಷಿನ್ನಿಗೆ ಕೂಡುವ ಕಡೆ ಬೆರಳುಗುರಿನಷ್ಟು ಅಗಲದ ಒಂದು ಜಾಳಿಗೆ ಇರುತ್ತದೆ. ಅದನ್ನು ಇಕ್ಕಳದಲ್ಲಿ ಎಳೆದು ತೆಗೆದರೆ ಕಣ್ಣೆಲ್ಲ ಮುಚ್ಚಿ, ಬಿಳಿ ಸುಣ್ಣದ ಹರಳು ಕಟ್ಟಿತ್ತು. ಕಪ್ಪು ಬಂಡೆಯ ಬಿರುಕಿನಿಂದ ಬರುವ ನಮ್ಮ ಬೋರಿನ ನೀರು ಸವಳು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ಗತಿಯಿಲ್ಲದಿದ್ದರೆ 600ರ ತನಕ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಆಯಿಗೆ ಈ ಅಂಕಿ ಬೇಕಿಲ್ಲ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆಯಲ್ಲಿ ಹುಟ್ಟಿದವಳು, “ಬ್ಯಾಳಿ ಬೇಯಲಾರದ ನೀರಿನಾಗ ಸಬಕಾರ ನೊರಿ ಬರ್ತದೇನು?” ಎಂದಳು. ಬೇಳೆಯನ್ನು ಮೆತ್ತಗಾಗಲು ಬಿಡದ ಸುಣ್ಣದಂಶವೇ ಸಾಬೂನಿಗೂ ಅಡ್ಡ ಬರುತ್ತದೆ, ಮಷಿನ್ನಿನೊಳಗೆ ನೀರು ಕಾಸುವ ಸುರುಳಿಗೂ ಹೆಪ್ಪುಗಟ್ಟಿ ಕೂರುತ್ತದೆ. ಜಾಳಿಗೆಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಯಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದಾಯಿತು. ‘ಐ ಇ’ ಹೋಯಿತು.

ಎರಡನೆಯದು ಕರೆಂಟು. ಹಿಂಗಾರಿಯಲ್ಲಿ ಜೋಳ, ಕಡಲೆಗೆ ನೀರು ಹಾಯಿಸುವ ದಿನಗಳಲ್ಲಿ ಮನೆಯ ಬಲ್ಬು ಕೆಂಪಗಾಗುತ್ತದೆ. ಪಕ್ಕದ ಮನೆಯಲ್ಲಿ ಎರಡು ತೊಟ್ಟಿಯ ಹಳೆ ಮಷಿನ್ ಇದೆ. ಅದು ಆ ಹೊತ್ತಿನಲ್ಲಿ ‘ಹೂಂ’ ಎಂದು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಇಂಥ ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದದ್ದು 160ಕ್ಕೆ ಬಂದರೆ ಅರ್ಧ ಶಕ್ತಿಯೂ ಉಳಿಯುವುದಿಲ್ಲ. ವೋಲ್ಟೇಜು ಸರಿಯಿದ್ದೂ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಹೋಗಿದೆ ಎಂದು ಮಿಸ್ತ್ರಿಯ ಶಾಸ್ತ್ರ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಹಾಗಾಗಿ ಅದಕ್ಕೆ ಕೈ ಹಾಕುವ ಅಧಿಕಾರ ಅವನೊಬ್ಬನದೇ. ಪಕ್ಕದ ಮನೆಯ ಯಜಮಾನರು ಮಾತ್ರ ಅದಕ್ಕೆ ಎರಡು ಗುದ್ದು ಕೊಟ್ಟು ನೋಡುತ್ತಾರೆ. ಟಿವಿಯ ಕಾಲದಿಂದ ಬಂದ ಚಿಕಿತ್ಸೆ.

ಮೂರನೆಯದು ನೆಲ. ಇದು ನಮ್ಮ ಕಡೆಯ ವಿಶೇಷ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಪರಸಿ ಕಲ್ಲು ಅದರೊಂದಿಗೇ ಏರಿಳಿಯುತ್ತದೆ. ಯುಗಾದಿಗೆ ಸಮ ನಿಂತ ಮಷಿನ್ ನಾಗರಪಂಚಮಿಗೆ ಕುಂಟತೊಡಗುತ್ತದೆ. ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಒಂದು ಕಾಲು ಗಾಳಿಯಲ್ಲಿದ್ದರೆ ಏನಾಗಬೇಕು? ಬಚ್ಚಲ ಪಕ್ಕದಲ್ಲಿಟ್ಟದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತ್ತು. “ಹಸಿವಾಗಿರ್ಬೇಕು” ಎಂದಳು ನನ್ನ ಹೆಂಡತಿ. ಮಿಸ್ತ್ರಿ ಗೌಂಡಿಯಿಂದ ಲೆವೆಲ್ ಪಟ್ಟಿ ತಂದು ಮೇಲಿಟ್ಟ. ಎದುರುಬದಿರು ಮೂಲೆ ಒತ್ತಿ ಯಾವ ಕಾಲು ಕುಣಿಯುತ್ತದೆ ನೋಡಿದ. ಕಾಲಿನ ತಿರುಪು ತಿರುವಿ, ಮೇಲಿನ ನಟ್ಟು ಬಿಗಿದ. ಇದನ್ನು ವರ್ಷಕ್ಕೆ ಎರಡು ಸಲ ಮಾಡಬೇಕು, ಮುಂಗಾರಿಗೊಮ್ಮೆ, ಸುಗ್ಗಿಗೊಮ್ಮೆ ಎಂದು ಪಂಚಾಂಗವನ್ನೂ ಕೊಟ್ಟ.

ನೆಲ ಸಮವಿದ್ದೂ ‘ಯು ಇ’ ಬಂದದ್ದು ಮಹಾನವಮಿಯ ಮುಂಚೆ. ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆದು ಒಣಗಿಸುವುದು ನಮ್ಮ ಕಡೆಯ ಪದ್ಧತಿ. ಆಯಿ ತನ್ನ ಕೌದಿ ತಂದು ಮಷಿನ್ನಿಗೆ ತುರುಕಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಒಣಗಿದ್ದಾಗ ಭಾರ. ನೆನೆದಾಗ ಇಬ್ಬರು ಎತ್ತಬೇಕು. ಏಳು ಕಿಲೋ ಎಂದು ಮಷಿನ್ ಮೇಲೆ ಬರೆದದ್ದು ಒಣ ಬಟ್ಟೆಯ ಲೆಕ್ಕ, ಅದೂ ಬಿಡಿಬಿಡಿ ಬಟ್ಟೆಯದು. ಕೌದಿ ಒಂದೇ ಮುದ್ದೆಯಾಗಿ ಕೆಳಗೆ ಕೂತಿತು. ಮಷಿನ್ ಒಮ್ಮೆ ಎತ್ತಿ ನೋಡಿತು, ಮತ್ತೊಮ್ಮೆ ನೋಡಿತು, ‘ಯು ಇ’ ಎಂದು ಕೈಚೆಲ್ಲಿತು. ಆಯಿಗೆ ಸಿಟ್ಟು ಬರಲಿಲ್ಲ, ಗೌರವ ಬಂತು. ದೇವರ ಹಿಪ್ಪರಗಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವ ಕಂಡವರ ಬಟ್ಟೆಯನ್ನೆಲ್ಲ ಮುಟ್ಟುತ್ತಿರಲಿಲ್ಲವೆಂಬ ಕಥೆ ಅವಳಿಗೆ ಗೊತ್ತು. “ಮಾಚಯ್ಯನ ವಂಶ ಅದ. ಎಲ್ಲಾರದೂ ಒಗಿಯಂಗಿಲ್ಲ” ಎಂದು ಕೌದಿಯನ್ನು ಹಳ್ಳಕ್ಕೆ ಕಳಿಸಿದಳು.

ನಾಲ್ಕನೆಯದು ಬಕ್ಕಣ, ಅಂದರೆ ಜೇಬು. ಲಗ್ನಕ್ಕೆ ಹೋಗುವ ದಿನ ಬೆಳಗ್ಗೆ ‘ಓ ಇ’ ಬಂತು. ನೀರು ಒಳಗಿದ್ದರೆ ಬಾಗಿಲು ತೆರೆಯುವುದಿಲ್ಲ; ನನ್ನ ಧೋತರ, ಹೆಂಡತಿಯ ಸೀರೆ ಗಾಜಿನಾಚೆ ಹಸಿ ಹಸಿಯಾಗಿ ನಮ್ಮನ್ನೇ ನೋಡುತ್ತಿದ್ದವು. ಮಷಿನ್ನಿನ ಬುಡದ ಬಲಮೂಲೆಯಲ್ಲಿ ಅಂಗೈಯಷ್ಟು ಪುಟ್ಟ ಬಾಗಿಲಿದೆ. ಅದರೊಳಗೆ ಒಂದು ಕಿರುಬೆರಳಿನ ರಬ್ಬರ್ ನಳಿಗೆ, ಪಕ್ಕದಲ್ಲಿ ತಿರುಪಿನ ಫಿಲ್ಟರು. ಮಿಸ್ತ್ರಿ ಪ್ಲಗ್ ಕಿತ್ತು, ಕೆಳಗೆ ಪರಾತ ಇಟ್ಟು, ನಳಿಗೆಯ ಬೂಚು ತೆಗೆದು ನೀರು ಬಸಿದ. ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುವಿದ. ಅಷ್ಟೊತ್ತಿಗೆ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು; ಪಂಚನಾಮೆ ಶುರುವಾಯಿತು. ನೂಲಿನ ಕಪ್ಪು ಮುದ್ದೆಯೊಳಗಿಂದ ಒಂದು ರೂಪಾಯಿ ನಾಣ್ಯ, ರವಿಕೆಯ ಹುಕ್ಕು, ಸೇಫ್ಟಿ ಪಿನ್ನು, ನೆನೆದು ಉಬ್ಬಿ ಮೊಳಕೆಯೊಡೆದ ನಾಲ್ಕಾರು ತೊಗರಿ ಕಾಳು ಬಂದವು. ಎಲ್ಲಕ್ಕೂ ಕೊನೆಗೆ ಸುಣ್ಣದ ಡಬ್ಬಿಯ ಮುಚ್ಚಳ. ಗಾಣಗಾಪುರದಲ್ಲಿ ದತ್ತನ ಪಾದುಕೆಯ ಮುಂದೆ ತಂಬಾಕು ಬಿಟ್ಟೆನೆಂದು ಆಣೆ ಮಾಡಿ ಬಂದಿದ್ದ ನನ್ನ ತಮ್ಮನ ಕಡೆ ಎಲ್ಲರೂ ತಿರುಗಿದರು.

“ಅದು ಹಳೇದು, ವೈನಿ” ಎಂದ.

ಮಿಸ್ತ್ರಿ ಮುಚ್ಚಳವನ್ನು ಬೆಳಕಿಗೆ ಹಿಡಿದು, ನಿರ್ವಿಕಾರವಾಗಿ, “ಹಳೇದಾದ್ರ ಜಂಗ್ ಹಿಡೀತಿತ್ರಿ” ಎಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ತಮ್ಮ ತನ್ನ ಅಂಗಿ ತಾನೇ ಕೈಯಲ್ಲಿ ಒಗೆದುಕೊಳ್ಳುತ್ತಾನೆ. ಮಷಿನ್ನಿಗೆ ಯಾಕೆ ತಕಲೀಫು ಕೊಡಬೇಕು ಎನ್ನುತ್ತಾನೆ.

ಹೀಗೆ ಮಿಸ್ತ್ರಿಯ ನಾಲ್ಕು ಸೂತ್ರ ನಮಗೆ ಕರತಲಾಮಲಕವಾದ ಮೇಲೆ ಬಂತು ನೋಡಿ ಆಪತ್ತು. ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ ಮಷಿನ್ ಅಕ್ಷರವನ್ನೂ ತೋರಿಸಲಿಲ್ಲ, ದೀಪವನ್ನೂ ಹಚ್ಚಲಿಲ್ಲ. ನೀರು ಸರಿಯಿತ್ತು, ಕರೆಂಟು ಸರಿಯಿತ್ತು, ಲೆವೆಲ್ ಪಟ್ಟಿಯ ಗುಳ್ಳೆ ನಟ್ಟನಡುವೆ ನಿಂತಿತ್ತು, ಫಿಲ್ಟರು ತೊಳೆದ ತಾಟಿನಷ್ಟು ಸ್ವಚ್ಛ. ಎದುರು ಮನೆಯ ಕಾಕಾ ಬೋಲ್ಟಿನ ವಿಷಯ ನೆನಪಿಸಿ ಹೋದರು. ಮಗ ಪುಣೆಯಿಂದ ವಿಡಿಯೊ ಕಾಲ್ ಹಚ್ಚಿ “ಪಪ್ಪಾ, ಕ್ಯಾಮೆರಾ ಜರಾ ಕೆಳಗ ಹಿಡೀರಿ” ಎನ್ನುತ್ತಿದ್ದ; ನೆಟ್‌ವರ್ಕು ಅವನಿಗೆ ನನ್ನ ಕಿವಿಯನ್ನಷ್ಟೇ ತೋರಿಸುತ್ತಿತ್ತು. ಮಿಸ್ತ್ರಿ ಬಂದವನು ಗಂಭೀರನಾದ. “ನಾಕೂ ಬರೋಬ್ಬರಿ ಅವ. ಈ ಸಲ ಮಷಿನ್ದೇ ತಪ್ಪು ಕಾಣ್ತದ” ಎಂದು ಮೊದಲ ಬಾರಿಗೆ ಪೇಚಕಸ್ ತೆಗೆದ.

ಮಷಿನ್ನನ್ನು ಗೋಡೆಗೆ ಒರಗಿಸಿ ಬುಡ ನೋಡಿದರೆ ಒಳಗೊಂದು ಸಂಸಾರವೇ ಇತ್ತು. ಕಾಣೆಯಾದ ಕಾಲುಚೀಲದ ಚೂರು, ಒಂದು ಹಿಡಿ ತೊಗರಿ ಹೊಟ್ಟು, ನಡುವೆ ಕಡಿದು ತಾಮ್ರ ಹೊರಬಿದ್ದ ಎರಡು ವೈರು. ಇಲಿಗೆ ವೈರಿನ ರುಚಿಯೇನೂ ಇಲ್ಲ. ಅದರ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿಯದೆ ಗತಿಯಿಲ್ಲ. ಆದರೆ ಇಲಿ ಬಂದದ್ದು ಎಲ್ಲಿಂದ? ಬಚ್ಚಲ ಪಕ್ಕದ ಕೋಣೆಯಲ್ಲಿ ಒಟ್ಟಿದ ತೊಗರಿ ಚೀಲಗಳಿಂದ. ಚೀಲ ಅಲ್ಲಿ ಯಾಕೆ? ಸರಕಾರ 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಎಂದು ಸಾರಿತ್ತು. ಅಡತಿಯವರು ಹೇಳಿದ ದರ ನನ್ನ ಮನಸ್ಸಿಗೆ ಬರಲಿಲ್ಲ. ಏರಲಿ, ಆಮೇಲೆ ಮಾರೋಣ ಎಂದು ಒಟ್ಟಿದ್ದೆ.

ಮಿಸ್ತ್ರಿಯ ಮುಖ ಅರಳಿತು. ವೈರು ಜೋಡಿಸಿ, ಟೇಪು ಸುತ್ತಿ, ಬುಡಕ್ಕೆ ತಂತಿಯ ಜಾಳಿಗೆ ಹೊಡೆಯುತ್ತಾ, “ನಾ ಹೇಳಿರಲಿಲ್ಲೇನು ಕಾಕಾ? ಮಷಿನ್ ಕೆಟ್ಟೇ ಇಲ್ಲ” ಎಂದ. ಅಷ್ಟರಲ್ಲಿ ಮಗನ ಫೋನು ಮತ್ತೆ ಬಂತು. ಆಯಿ ತಾನೇ ಎತ್ತಿಕೊಂಡಳು.

“ಏನಾಗಿತ್ತಂತ ಆಯಿ, ಮಷಿನ್ನಿಗಿ?”

“ಏನಿಲ್ಲಪ್ಪಾ, ತೊಗರಿಗೆ ರೇಟ್ ಬಂದಿಲ್ಲ.”