ತೊಳೆಯಬೇಡಿ ಮಾರಾಯ್ರೇ!

ಪಕ್ಕದ ಮನೆ ಮೇಷ್ಟ್ರು ಬೇಲಿಯ ಮೇಲಿಂದ ಮೊಬೈಲು ಚಾಚಿ "ಇದೆಂಥದು ಹೇಳಿ ನೋಡುವ" ಅಂದರೆ ಸಾಕು, ಕೈಲಿದ್ದ ಕತ್ತಿ ಕೆಳಗಿಟ್ಟು ನಾನು ಹಾಜರ್. ಅವರ ಮಗ ಇರುವುದು ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ. ವಾರವಿಡೀ ಆಫೀಸು. ರಜಾದಿನ ಬಂತೆಂದರೆ ಹೊಲದ ಯಜಮಾನರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುತ್ತಾನೆ. ಕಿವಿಗೆ ಕುಂಯ್ ಅಂತ ಕೇಳಿದ ಕಡೆ ಅಗೆಯುತ್ತಾನೆ, ಸಿಕ್ಕಿದ್ದರ ಫೋಟೋ ಅಪ್ಪನಿಗೆ ಕಳಿಸುತ್ತಾನೆ. ಅದು ಬೇಲಿ ದಾಟಿ ನನ್ನ ಹತ್ತಿರ ಬರುತ್ತದೆ.

ಮೇಷ್ಟ್ರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಚಿನ್ನವಾ?"

ಚಿನ್ನವಾದರೆ ಕೇಳುವ ಅಗತ್ಯವೇ ಬೀಳುವುದಿಲ್ಲ ಮೇಷ್ಟ್ರೇ. ಸಾವಿರ ವರ್ಷ ನೆಲದಡಿ ಇದ್ದರೂ ಅದಕ್ಕೆ ಮಣ್ಣು ಏನೂ ಮಾಡುವುದಿಲ್ಲ. ಹಾಕಿದ ಬಣ್ಣದಲ್ಲೇ ಎದ್ದು ಬರುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ತಾಮ್ರ, ಕಂಚು, ಹಿತ್ತಾಳೆ ಹಸಿರಾಗುತ್ತವೆ. ಸೀಸದ ಮೇಲೆ ಬೂದು ಬಿಳಿ ಪೊರೆ ಕೂರುತ್ತದೆ, ಗಾತ್ರಕ್ಕೆ ಮೀರಿದ ತೂಕ ಕೈಗೆ ತಿಳಿಯುತ್ತದೆ. ಕಬ್ಬಿಣವಂತೂ ತುಕ್ಕಿನ ಜೊತೆ ಮಣ್ಣು, ಕಲ್ಲು ಎಲ್ಲ ಅಂಟಿಸಿಕೊಂಡು ಗಂಟಾಗಿರುತ್ತದೆ, ಒಳಗಿನ ಆಕಾರ ಕಾಣಬೇಕಾದರೆ ಎಕ್ಸ್‌ರೇ ತೆಗೆಯಬೇಕು. ಕೈಗೆ ಹಗುರ, ಮೇಲೆ ಬೆಳ್ಳಗೆ ಪುಡಿ, ಅಂದರೆ ಅಲ್ಯೂಮಿನಿಯಂ ಇರಬಹುದು. ಅದನ್ನು ಅಗ್ಗವಾಗಿ ತಯಾರಿಸುವ ವಿದ್ಯುತ್ ವಿಧಾನ ಗೊತ್ತಾದದ್ದೇ 1886ರಲ್ಲಿ. ಹಾಗಾಗಿ ಹೊಲದಲ್ಲಿ ಸಿಕ್ಕಿದ ಅಲ್ಯೂಮಿನಿಯಂ ತುಂಡು ಯಾವ ಪ್ರಾಚೀನ ರಾಜನ ಕಾಲದ್ದೂ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ವಸ್ತುವಿನ ಹೆಸರು ಹಿಡಿಯುವ ಮೊದಲು ಲೋಹದ ಹೆಸರು ಹಿಡಿಯಬೇಕು, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಮ್ಮೆ ಬಂದ ಫೋಟೋದಲ್ಲಿ ತೆಳ್ಳಗಿನ ಹಳದಿ ಬಿಲ್ಲೆ ಇತ್ತು. ನಡುವೆ ಹೂವು, ಸುತ್ತ ಕಿರೀಟಗಳು, ಅಂಚಿನಲ್ಲಿ ಅಕ್ಷರ. "ಇದು ನಾಣ್ಯವೇ ಸೈ" ಅಂದರು ಮೇಷ್ಟ್ರು. ಅದು ನಾಣ್ಯವಲ್ಲ, ಲೆಕ್ಕದ ಬಿಲ್ಲೆ. ಅಲ್ಲಿನವರು ಅದಕ್ಕೆ ಜೆಟಾನ್ ಅನ್ನುತ್ತಾರೆ. ಕಾಗದದ ಮೇಲೆ ಕೂಡಿ ಕಳೆಯುವ ರೂಢಿ ಬರುವ ಮೊದಲು ಯುರೋಪಿನ ವ್ಯಾಪಾರಿಗಳು ಗೆರೆ ಎಳೆದ ಹಲಗೆಯ ಮೇಲೆ ಇಂಥ ಹಿತ್ತಾಳೆ ಬಿಲ್ಲೆಗಳನ್ನು ಸರಿಸಿ ಲೆಕ್ಕ ಮಾಡುತ್ತಿದ್ದರು. ಜರ್ಮನಿಯ ನ್ಯೂರೆಂಬರ್ಗ್ ಊರು ಇವುಗಳ ತಯಾರಿಗೆ ಹೆಸರುವಾಸಿ. ಹಾನ್ಸ್ ಕ್ರೌವಿಂಕಲ್ ಎಂಬ ಕುಶಲಕರ್ಮಿಯ ಹೆಸರು ಹೊತ್ತ ಬಿಲ್ಲೆಗಳು ಇಂಗ್ಲೆಂಡಿನ ಹೊಲಗಳಲ್ಲಿ ಇಂದಿಗೂ ಸಿಗುತ್ತಲೇ ಇವೆ. ಸುಮಾರು ನಾನೂರು ವರ್ಷದ ಹಿಂದೆ ಯಾರೋ ಸೆಟ್ಟರ ಮುಂದೆ ಲೆಕ್ಕ ಒಪ್ಪಿಸಿದ ವಸ್ತು ಅದು. ಚಿನ್ನದ ನಾಣ್ಯಕ್ಕಿಂತ ನನಗೆ ಅದೇ ಹೆಚ್ಚು ಇಷ್ಟವಾಯಿತು, ಮೇಷ್ಟ್ರಿಗೂ ಹಾಗೆಯೇ ಅಂದೆ.

ಇನ್ನೊಮ್ಮೆ ಅರ್ಧ ಬೆಳ್ಳಿ ನಾಣ್ಯ. "ಮುರಿದು ಹೋಗಿದೆ, ಪಾಪ" ಅಂದರು. ಮುರಿದದ್ದಲ್ಲ, ಕತ್ತರಿಸಿದ್ದು. ಚಿಲ್ಲರೆ ನಾಣ್ಯವೇ ಇಲ್ಲದ ಕಾಲದಲ್ಲಿ ಪೆನ್ನಿಯನ್ನು ಎರಡಾಗಿ, ನಾಲ್ಕಾಗಿ ಕತ್ತರಿಸಿ ಕೊಡುತ್ತಿದ್ದರು. ಅದರ ಹಿಂಬದಿಯ ಶಿಲುಬೆಯ ಗೆರೆಯೇ ಕತ್ತರಿಸಲು ಗುರುತು. ಆ ಶಿಲುಬೆ ಅಂಚಿನವರೆಗೂ ಚಾಚಿದ್ದರೆ ನಾಣ್ಯ 1247ರ ನಂತರದ್ದು, ಯಾಕೆಂದರೆ ಉದ್ದ ಶಿಲುಬೆಯ ನಾಣ್ಯ ಬಂದದ್ದು ಆ ವರ್ಷ. ಒಂದು ಗೆರೆಯ ಉದ್ದದಿಂದ ಕಾಲ ಗೊತ್ತಾಗುತ್ತದೆ!

ದುಂಡನೆಯ ಕಂಚಿನ ಗಂಟೆಯೂ ಬಂದಿತ್ತು. ಒಳಗೆ ಸಣ್ಣ ಗುಂಡು, ಕೆಳಗೆ ಸೀಳು, ಮೇಲೆ ಬಾರು ಕಟ್ಟಲು ಕೊಂಡಿ. ನೋಡಲಿಕ್ಕೆ ನಮ್ಮ ಎತ್ತಿನ ಕೊರಳ ಗೆಜ್ಜೆಯ ಹಾಗೇ. ಅಲ್ಲಿ ಗಾಡಿಯ ಕುದುರೆಗೆ ಕಟ್ಟುತ್ತಿದ್ದದ್ದು. ಮೈಮೇಲೆ 'ಆರ್' 'ಡಬ್ಲ್ಯು' ಎಂಬ ಎರಡು ಅಕ್ಷರ ಕಂಡರೆ ಅದು ವಿಲ್ಟ್‌ಶೈರಿನ ಆಲ್ಡ್‌ಬೋರ್ನ್ ಹಳ್ಳಿಯ ರಾಬರ್ಟ್ ವೆಲ್ಸ್ ಎರಕದ ಮನೆಯದು, 18ನೇ ಶತಮಾನದ್ದು.

ಆ ಗಂಟೆಯ ಫೋಟೋ ನೋಡಿದ ಮೇಷ್ಟ್ರ ಮನೆಯವರು ಒಳಗಿಂದಲೇ ಹೇಳಿದರು: "ಅಷ್ಟು ಕಿಲುಬು ಹಿಡಿದಿದೆ. ಒಂದು ಉಂಡೆ ಹುಣಸೆಹಣ್ಣು ಹಾಕಿ ತಿಕ್ಕಲಿಕ್ಕೆ ಹೇಳಿ ಅವನಿಗೆ, ಫಳಫಳ ಅನ್ನುತ್ತದೆ."

ಅಯ್ಯೋ ಅಕ್ಕಾ, ಅದೊಂದು ಬೇಡ! ಪೂಜೆಯ ಪಾತ್ರೆಗೆ ಹುಣಸೆಹಣ್ಣು ಸರಿ. ಮಣ್ಣಿನಿಂದ ಬಂದ ಹಳೆಯ ವಸ್ತುವಿಗೆ ಅದು ವಿಷ. ನೂರಾರು ವರ್ಷದಲ್ಲಿ ತಾಮ್ರದ ಮೇಲ್ಮೈಯೇ ಹಸಿರು ಪದರವಾಗಿ ಮಾರ್ಪಟ್ಟಿರುತ್ತದೆ. ಅಕ್ಷರ, ಚಿತ್ರ, ಉಳಿಯ ಗೀರು ಎಲ್ಲ ಉಳಿದಿರುವುದು ಆ ಪದರದಲ್ಲೇ. ಹುಳಿ ತಾಗಿದರೆ ಪದರ ಕರಗುತ್ತದೆ, ಅದರ ಜೊತೆಗೇ ಅಕ್ಷರವೂ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಹೊಳೆಯುವ, ಹೆಸರಿಲ್ಲದ ತುಂಡು. ನಿಂಬೆಹಣ್ಣು, ವಿನೆಗರ್, ತಂತಿ ಬ್ರಷ್ ಎಲ್ಲಕ್ಕೂ ಇದೇ ಮಾತು.

"ಹಾಗಾದರೆ ಮಣ್ಣಿನ ಸಮೇತ ಇಟ್ಟುಕೊಳ್ಳುವುದಾ?" ಅಂದರು ಅಕ್ಕ. ಹೌದು, ತಿಳಿದವರು ನೋಡುವವರೆಗೆ ಹಾಗೇ ಇಡಬೇಕು. ಜೊತೆಗೆ ಅದು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಅಂತ ಬರೆದಿಡಬೇಕು. ವಸ್ತುವನ್ನು ಗುರುತಿಸುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅದು ಸಿಕ್ಕ ಜಾಗ.

ಮಗ ಇರುವ ಲೆಸ್ಟರ್‌ಶೈರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ಮೂರನೇ ರಿಚರ್ಡ್ ರಾಜ ಸತ್ತದ್ದು ಆ ಸೀಮೆಯಲ್ಲಿ. ಆದರೆ ನಿಜವಾಗಿ ಯಾವ ಬಯಲಿನಲ್ಲಿ ಅಂತ ಬಹುಕಾಲ ವಾದ ನಡೆದಿತ್ತು. ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ತಂಡ ಡಿಟೆಕ್ಟರ್ ಹಿಡಿದು ವರ್ಷಗಟ್ಟಲೆ ಹೊಲಗಳನ್ನು ಸಾಲು ಸಾಲಾಗಿ ಶೋಧಿಸಿತು. ಸಿಕ್ಕಿದ ಒಂದೊಂದು ಚೂರಿನ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿತು. 30ಕ್ಕೂ ಹೆಚ್ಚು ಸೀಸದ ಗುಂಡುಗಳು ಸಿಕ್ಕವು, ಹಿಂದೆ ಜೌಗಾಗಿದ್ದ ಜಾಗದ ಅಂಚಿನಲ್ಲಿ ಬೆಳ್ಳಿಗೆ ಚಿನ್ನದ ನೀರು ಹಾಕಿದ ಪುಟ್ಟ ಕಾಡುಹಂದಿಯ ಬಿಲ್ಲೆ ಸಿಕ್ಕಿತು.

"ವರಾಹವಾ? ನಮ್ಮ ಚಾಲುಕ್ಯರ ಲಾಂಛನದ ಹಾಗೆ!" ಅಂದರು ಮೇಷ್ಟ್ರು. ಹೌದು, ರಿಚರ್ಡನ ಲಾಂಛನವೂ ಕಾಡುಹಂದಿಯೇ. ಬೆಳ್ಳಿಯದು ಅಂದಮೇಲೆ ಅದನ್ನು ಧರಿಸಿದವನು ಸಾಮಾನ್ಯ ಸಿಪಾಯಿಯಲ್ಲ, ರಾಜನಿಗೆ ಹತ್ತಿರದವನಿರಬೇಕು. ಜನ ನಂಬಿಕೊಂಡಿದ್ದ ಗುಡ್ಡದಿಂದ ಸುಮಾರು 3 ಕಿ.ಮೀ. ದೂರದಲ್ಲಿ ಕಾಳಗ ನಡೆದದ್ದು ಅಂತ ಹೀಗೆ ತೀರ್ಮಾನವಾಯಿತು. ಅದೇ ಹಂದಿಯನ್ನು ಯಾರೋ ಜೇಬಿಗೆ ಹಾಕಿಕೊಂಡು ಸಂತೆಯಲ್ಲಿ ಮಾರಿದ್ದರೆ? ಚೆಂದದ ಬಿಲ್ಲೆಯಾಗಿ ಉಳಿಯುತ್ತಿತ್ತು, ರಣರಂಗ ಮಾತ್ರ ಸಿಗುತ್ತಿರಲಿಲ್ಲ.

ಎರಿಕ್ ಲಾಸ್ ಎಂಬ ಪುಣ್ಯಾತ್ಮನ ಕತೆ ಇನ್ನೂ ಚೆನ್ನಾಗಿದೆ. 1992ರ ನವೆಂಬರ್‌ನಲ್ಲಿ ಸಫೋಕ್‌ನ ಹಾಕ್ಸನ್ ಹಳ್ಳಿಯ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಲಾಸ್ ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಭಂಡಾರ! ಕೈಗೆ ಬಂದಷ್ಟು ತೆಗೆದ ಮೇಲೆ ಅವರು ಪೂರ್ತಿ ಬಗೆಯಲು ಹೋಗಲಿಲ್ಲ. ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವದವರು ಮರುದಿನವೇ ಬಂದು ಕ್ರಮವಾಗಿ ಅಗೆದರು. ಸುಮಾರು 15,000 ನಾಣ್ಯ, ಚಿನ್ನದ ಒಡವೆ, ಬೆಳ್ಳಿಯ ಚಮಚಗಳು ಸಿಕ್ಕಿದ್ದು ಒಂದು ಮಾತು. ಅವೆಲ್ಲ ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದವು ಅಂತ ತಿಳಿದದ್ದು ಅದಕ್ಕಿಂತ ದೊಡ್ಡ ಮಾತು. ಮರ ಕೊಳೆತು ಹೋಗಿದ್ದರೂ ವಸ್ತುಗಳು ಬಿದ್ದ ಕ್ರಮದಿಂದ ಪೆಟ್ಟಿಗೆಯ ಅಳತೆ ಸಿಕ್ಕಿತು. ಆ ಭಂಡಾರ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಳೆದ ಸುತ್ತಿಗೆಯೂ ಸಿಕ್ಕಿ ಅಲ್ಲಿಗೇ ಸೇರಿತು.

ಅಲ್ಲಿ ಇದಕ್ಕೆಲ್ಲ ವ್ಯವಸ್ಥೆ ಇದೆ. ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು ಅಂತ 1996ರ ಕಾಯ್ದೆ ಹೇಳುತ್ತದೆ. ನಿಧಿಯಲ್ಲದ ಗುಂಡಿ, ಬಕಲ್, ಬಿಲ್ಲೆಗಳನ್ನು ದಾಖಲಿಸಲು 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಇದೆ. ಅದರ ಅಧಿಕಾರಿಗಳು ವಸ್ತು ನೋಡಿ, ಅಳೆದು, ಫೋಟೋ ತೆಗೆದು, ಜಾಗ ಬರೆದುಕೊಂಡು ವಾಪಸು ಕೊಡುತ್ತಾರೆ. ಹಾಗೆ ಸೇರಿದ ದಾಖಲೆ 15 ಲಕ್ಷ ವಸ್ತುಗಳನ್ನು ದಾಟಿದೆ. ಮಗನಿಗೆ ನಾನು ಹೇಳಿ ಕಳಿಸಿದ್ದೂ ಅದನ್ನೇ: ನನ್ನ ಊಹೆಗೆ ನಿಲ್ಲಬೇಡ, ಅವರಿಗೆ ತೋರಿಸು.

"ನಮ್ಮಲ್ಲಿ ಇಂಥದ್ದು ಎಲ್ಲಿ ಸಿಗುತ್ತದೆ?" ಅಂದರು ಮೇಷ್ಟ್ರು. ಎಂಥ ಮಾತು! ನಮ್ಮ ಹೊಸನಗರ ತಾಲ್ಲೂಕಿನ ನಗರವೇ ಇಲ್ಲವೇ? ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದ ಊರು. 2002ರಲ್ಲಿ ಅಲ್ಲಿನ ಬಾವಿಯಿಂದ ಕಬ್ಬಿಣದ ಕೊಳವೆಗಳು ಬಂದವು. ಫಿರಂಗಿಯ ಗುಂಡುಗಳೆಂದು ಭಾವಿಸಿ ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ವರ್ಷಗಳ ನಂತರ ಒಳಗೆ ಉಳಿದಿದ್ದ ಪುಡಿಯನ್ನು ಪರೀಕ್ಷಿಸಿದಾಗ ಪೆಟ್ಲುಪ್ಪು, ಇದ್ದಿಲು ಕಂಡವು. ಅವು ಟಿಪ್ಪು ಕಾಲದ ರಾಕೆಟ್‌ಗಳು! 2018ರ ಜುಲೈನಲ್ಲಿ ಬತ್ತಿದ ಬಾವಿಯೊಂದನ್ನು ರಾಜ್ಯ ಪುರಾತತ್ವ ಇಲಾಖೆಯವರು ಅಗೆದರು. ಮಣ್ಣಿಗೇ ಮದ್ದಿನ ವಾಸನೆ ಇತ್ತಂತೆ. 23ರಿಂದ 26 ಸೆಂ.ಮೀ. ಉದ್ದದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ರಾಶಿಯಾಗಿ ಸಿಕ್ಕವು. ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದದ್ದು, ಅವರ ಕಾಂಗ್ರೀವ್ ಎಂಬಾತ ನೋಡಿ ಕಲಿತು ತನ್ನ ರಾಕೆಟ್ ಕಟ್ಟಿದ್ದು ಇಂಥವುಗಳನ್ನೇ.

ಈಗ ಹೇಳಿ ಅಕ್ಕಾ, ಆ ಕೊಳವೆಗಳನ್ನು ಯಾರಾದರೂ ಚೆನ್ನಾಗಿ ತೊಳೆದು, ಒಳಗಿನ ಕಪ್ಪು ಪುಡಿ ಕೊಡವಿ, ಗುಜರಿಗೆ ಹಾಕಿದ್ದರೆ ಏನಾಗುತ್ತಿತ್ತು? ಕೆಜಿ ಲೆಕ್ಕದಲ್ಲಿ ಕಬ್ಬಿಣ ಹೋಗುತ್ತಿತ್ತು. ಅದರ ಜೊತೆ ನಮ್ಮ ಚರಿತ್ರೆಯ ಒಂದು ಅಧ್ಯಾಯವೂ ಹೋಗುತ್ತಿತ್ತು.

ನಮ್ಮ ಕಡೆ ನಿಧಿ ಆಸೆಗೆ ರಾತ್ರೋರಾತ್ರಿ ಗುಡಿಯ ಗರ್ಭಗೃಹ ಅಗೆಯುವವರಿದ್ದಾರೆ. ಅವರಿಗೆ ಬೇಕಾದದ್ದು ಚಿನ್ನ ಮಾತ್ರ. ಉಳಿದದ್ದನ್ನೆಲ್ಲ ಒಡೆದು ಬಿಸಾಡುತ್ತಾರೆ, ಅವರು ಕದಿಯುವುದಕ್ಕಿಂತ ಹಾಳು ಮಾಡುವುದೇ ಹೆಚ್ಚು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಮಣ್ಣಲ್ಲಿ ಹತ್ತು ರೂಪಾಯಿಗೂ ಮಿಕ್ಕಿದ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ಕಾಯ್ದೆಯೇ ಹೇಳಿದೆ. ಆದ್ದರಿಂದ ಇಲ್ಲಿ ಯಂತ್ರ ಹಿಡಿದು ಹೊರಡುವ ಯೋಚನೆ ಯಾರಿಗೂ ಬೇಡ.

ಆದರೆ ನಾವು ಗದ್ದೆ ಉಳುವವರು, ಬಾವಿ ಹೂಳೆತ್ತುವವರು, ತೋಟಕ್ಕೆ ಅಗಳ ತೋಡುವವರು. ಹುಡುಕದೆಯೇ ನಮಗೆ ಸಿಗುತ್ತದೆ. ಸಿಕ್ಕ ದಿನ ಕೆಲಸ ನಿಲ್ಲಿಸಿ. ಇದ್ದ ಹಾಗೇ ಫೋಟೋ ತೆಗೆಯಿರಿ. ತೊಳೆಯಬೇಡಿ, ತಿಕ್ಕಬೇಡಿ, ಗುಜರಿಯವನಿಗೆ ಕೊಡಬೇಡಿ. ಪಂಚಾಯ್ತಿಗೋ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ಸುದ್ದಿ ಮುಟ್ಟಿಸಿ, ಬಂದವರಿಗೆ ಸಿಕ್ಕ ಜಾಗವನ್ನು ಕೈಯಾರೆ ತೋರಿಸಿ.